ಆಯಿಲ್ ಪಂಪಿನ ಮೇಲೆ ಹೊರಿಸುವ ತಪ್ಪು

ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಆಯಿಲ್ ಪ್ರೆಶರಿನ ಕೆಂಪು ದೀಪ ಮಿನುಗತೊಡಗಿದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಆಯಿಲ್ ಪಂಪ್ ವೀಕ್ ಆಗಿದೆ, ಹೊಸದು ಹಾಕಬೇಕು. ಅಷ್ಟು ದುಡ್ಡು ಈಗ ಹೊಂದುವುದಿಲ್ಲ ಎಂದರೆ ಎರಡನೆಯ ಉತ್ತರವೂ ಸಿದ್ಧವಿರುತ್ತದೆ: ಸದ್ಯಕ್ಕೆ ಗಟ್ಟಿ ಆಯಿಲ್ ಹಾಕಿ ಓಡಿಸಿ. ಮಾಲೀಕರು ಇದನ್ನು ಒಪ್ಪಿಬಿಡುತ್ತಾರೆ. ಪ್ರೆಶರ್ ಕೊಡುವುದು ಪಂಪ್, ಪ್ರೆಶರ್ ಇಲ್ಲವೆಂದರೆ ಪಂಪ್ ಕೆಟ್ಟಿದೆ ಎಂಬ ತರ್ಕ ಕೇಳುವುದಕ್ಕೆ ಸರಿಯಾಗಿಯೇ ಇದೆಯಲ್ಲ. ಆದರೆ ಆ ತರ್ಕದ ಮೊದಲ ಮಾತೇ ತಪ್ಪು. ಪಂಪ್ ಪ್ರೆಶರ್ ಕೊಡುವುದಿಲ್ಲ, ಅದು ಕೊಡುವುದು ಎಣ್ಣೆಯ ಹರಿವನ್ನು ಮಾತ್ರ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಒಳ್ಳೆಯ ಪಂಪುಗಳು ಗುಜರಿ ಸೇರುತ್ತವೆ, ಸವೆದ ಬೇರಿಂಗುಗಳು ಎಂಜಿನ್ನಿನೊಳಗೇ ಉಳಿಯುತ್ತವೆ, ಕೊನೆಗೆ ಕ್ರ್ಯಾಂಕ್ ಶಾಫ್ಟ್ ಹಾಳಾಗುತ್ತದೆ.

ಆಯಿಲ್ ಪಂಪಿನ ಒಳಗಿರುವುದು ಹಲ್ಲು ಕೂಡಿಸಿಕೊಂಡ ಎರಡು ಗಿಯರ್, ಇಲ್ಲವೇ ಒಂದರೊಳಗೊಂದು ತಿರುಗುವ ಎರಡು ರೋಟರ್. ಪ್ರತಿ ಸುತ್ತಿಗೆ ಇಂತಿಷ್ಟು ಎಣ್ಣೆಯನ್ನು ಹಲ್ಲುಗಳ ನಡುವೆ ತುಂಬಿಕೊಂಡು ಆಚೆ ಬದಿಗೆ ತಳ್ಳುವುದಷ್ಟೇ ಅದರ ಕೆಲಸ. ಎಣ್ಣೆ ಫಿಲ್ಟರ್ ದಾಟಿ ಬ್ಲಾಕಿನ ಮುಖ್ಯ ಗ್ಯಾಲರಿಗೆ ಬರುತ್ತದೆ. ಅಲ್ಲಿಂದ ಮೇನ್ ಬೇರಿಂಗುಗಳಿಗೆ, ಕ್ರ್ಯಾಂಕಿನೊಳಗೆ ಕೊರೆದ ರಂಧ್ರಗಳ ಮೂಲಕ ಕನೆಕ್ಟಿಂಗ್ ರಾಡುಗಳ ಬಿಗ್ ಎಂಡ್ ಬೇರಿಂಗುಗಳಿಗೆ, ಮೇಲೆ ಕ್ಯಾಮ್ ಶಾಫ್ಟಿಗೆ ಹೋಗುತ್ತದೆ. ಹೀಗೆ ಹೋದ ಎಣ್ಣೆ ಹೊರಬರುವ ದಾರಿ ಬೇರಿಂಗಿಗೂ ಅದರೊಳಗೆ ತಿರುಗುವ ಶಾಫ್ಟಿನ ಭಾಗವಾದ ಜರ್ನಲಿಗೂ ನಡುವಿನ ಸಂದು. ಸಣ್ಣ ಕಾರಿನ ಎಂಜಿನ್ನಿನಲ್ಲಿ ಅದು ಸುಮಾರು 0.02ರಿಂದ 0.05 ಮಿಲಿಮೀಟರ್, ಅಂದರೆ ತಲೆಗೂದಲಿಗಿಂತ ತೆಳು. ಅಷ್ಟು ಕಿರಿದಾದ ದಾರಿಯಲ್ಲಿ ನುಸುಳಲು ಎಣ್ಣೆ ತಿಣುಕುತ್ತದೆ, ಆ ತಿಣುಕಾಟವೇ ಗ್ಯಾಲರಿಯಲ್ಲಿ ಒತ್ತಡವಾಗಿ ಕಾಣುತ್ತದೆ. ಸಂದು ಅಗಲವಾದರೆ ತಡೆ ಇಳಿಯುತ್ತದೆ, ತಡೆ ಇಳಿದರೆ ಒತ್ತಡವೂ ಇಳಿಯುತ್ತದೆ. ಪಂಪ್ ಹೊಚ್ಚ ಹೊಸದಾಗಿದ್ದರೂ ಇದು ತಪ್ಪದು. ಅಡಿಕೆ ತೋಟದಲ್ಲಿ ಕೊನೆಯ ಸ್ಪ್ರಿಂಕ್ಲರಿನ ನೀರು ಎತ್ತರಕ್ಕೆ ಚಿಮ್ಮುತ್ತಿಲ್ಲವೆಂದರೆ ಅನುಭವಿ ಕೃಷಿಕ ಮೊದಲು ಬಾವಿಯ ಮೋಟಾರು ಎತ್ತಿಸುವುದಿಲ್ಲ, ಪೈಪಿನುದ್ದಕ್ಕೂ ನಡೆದು ಎಲ್ಲಿ ಜಾಯಿಂಟ್ ಬಿಟ್ಟಿದೆ ಎಂದು ನೋಡುತ್ತಾನೆ. ಎಂಜಿನ್ನಿನ ವಿಷಯದಲ್ಲಿ ಮಾತ್ರ ಈ ವಿವೇಕ ಯಾಕೋ ಕೈಬಿಟ್ಟುಹೋಗಿದೆ.

ಸಂದು ಹಿಗ್ಗಿದರೆ ಸೋರಿಕೆ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕ ತಿಳಿದರೆ ಪಂಪಿನ ಮೇಲಿನ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಕಿರಿದಾದ ಸಂದಿನಲ್ಲಿ ಎಣ್ಣೆಯ ಹರಿವು ಸಂದಿನ ಅಳತೆಯ ಘನಕ್ಕೆ ಅನುಗುಣವಾಗಿ ಏರುತ್ತದೆ. 0.04 ಮಿಲಿಮೀಟರ್ ಇದ್ದ ಸಂದು ಸವೆದು 0.06 ಆದರೆ ಸೋರಿಕೆ ಒಂದೂವರೆ ಪಟ್ಟು ಆಗುವುದಿಲ್ಲ, ಮೂರು ಪಟ್ಟಿಗೂ ಮೀರುತ್ತದೆ. 0.08 ಆದರೆ ಎಂಟು ಪಟ್ಟು. ಕಣ್ಣಿಗೆ ಕಾಣದ, ಬೆರಳಿಗೆ ತಿಳಿಯದ ಸವೆತ ಗೇಜಿನ ಮುಳ್ಳನ್ನು ಅರ್ಧಕ್ಕೆ ಇಳಿಸಬಲ್ಲದು. ಐದು ಮೇನ್ ಬೇರಿಂಗ್, ನಾಲ್ಕು ಬಿಗ್ ಎಂಡ್ ಇರುವ ಎಂಜಿನ್ನಿನಲ್ಲಿ ಇಂಥ ಒಂಬತ್ತು ಬಾಯಿಗಳಿವೆ. ಕ್ಯಾಮ್ ಶಾಫ್ಟಿನವು ಬೇರೆ.

ಪ್ರಚಲಿತ ನಂಬಿಕೆಯ ಇನ್ನೊಂದು ಎಳೆ ಇದಕ್ಕಿಂತ ಆಳದಲ್ಲಿದೆ. ಪಂಪಿನ ಒತ್ತಡವೇ ಕ್ರ್ಯಾಂಕ್ ಶಾಫ್ಟನ್ನು ಬೇರಿಂಗಿನಿಂದ ಎತ್ತಿ ಹಿಡಿಯುತ್ತದೆ, ಆದ್ದರಿಂದ ಗೇಜಿನಲ್ಲಿ ಒತ್ತಡ ಏರಿದರೆ ಬೇರಿಂಗ್ ಕ್ಷೇಮ ಎಂದು ಬಹಳ ಜನ ನಂಬಿದ್ದಾರೆ. ಇದು ಸುಳ್ಳೆಂದು ತಿಳಿದು ನೂರನಲವತ್ತು ವರ್ಷ ಕಳೆಯಿತು. 1880ರ ದಶಕದ ಆರಂಭದಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸಿದ. ಜರ್ನಲಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿತ್ತು, ಪಂಪು ಇರಲಿಲ್ಲ. ಬೇರಿಂಗಿನ ನೆತ್ತಿಗೆ ಕೊರೆದ ರಂಧ್ರದಿಂದ ಎಣ್ಣೆ ಉಕ್ಕಿ ಬಂತು. ಬೆಣೆ ಬಡಿದು ಮುಚ್ಚಿದರೆ ಬೆಣೆಯನ್ನೇ ಹೊರದಬ್ಬಿತು. ಗೇಜ್ ಜೋಡಿಸಿ ನೋಡಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರ ಚದರ ಇಂಚಿಗೆ 100 ಪೌಂಡ್ ಮಾತ್ರ. ತಿರುಗುವ ಜರ್ನಲ್ ತಾನೇ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು ಈ ಒತ್ತಡ ಹುಟ್ಟಿಸುತ್ತದೆ ಎಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ತೋರಿಸಿಕೊಟ್ಟ. ಇಂದಿನ ಕಾರಿನ ಬಿಗ್ ಎಂಡಿನಲ್ಲಿ ಆ ತೆಳು ಪದರದ ಒತ್ತಡ ನೂರಾರು ಬಾರ್ ಮುಟ್ಟುತ್ತದೆ. ಪಂಪ್ ಕಳಿಸುವುದು ಮೂರು ನಾಲ್ಕು ಬಾರ್. ಭಾರ ಹೊರುವುದು ಪದರ, ಪಂಪ್ ಮಾಡುವುದು ಆ ಪದರಕ್ಕೆ ಎಣ್ಣೆ ಒದಗಿಸುವ ಮತ್ತು ಬಿಸಿಯಾದ ಎಣ್ಣೆಯನ್ನು ತೊಳೆದು ಕಳಿಸುವ ಕೆಲಸ. ಹಾಗಾಗಿ ಗೇಜಿನ ಅಂಕಿ ಬೇರಿಂಗಿನ ರಕ್ಷಣೆಯ ಅಳತೆಯಲ್ಲ. ಎಣ್ಣೆಯ ದಾರಿಯಲ್ಲಿ ಎಷ್ಟು ತಡೆ ಇದೆ ಎಂಬುದರ ಸುಳಿವು ಅದು. ಗ್ಯಾಲರಿಯಲ್ಲಿ ಕಸ ಕಟ್ಟಿಕೊಂಡು ಒಂದು ಬೇರಿಂಗಿಗೆ ಎಣ್ಣೆಯೇ ಹೋಗದಿದ್ದಾಗಲೂ ಗೇಜು ಒಳ್ಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ.

ಅಮೆರಿಕದಲ್ಲಿ 2015ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಸುಮಾರು 4,70,000 ಸೊನಾಟಾ ಕಾರುಗಳನ್ನು ವಾಪಸು ಕರೆಸಿಕೊಂಡದ್ದು ಇದಕ್ಕೆ ಒಳ್ಳೆಯ ಉದಾಹರಣೆ. 2011 ಮತ್ತು 2012ರ ಆ ಕಾರುಗಳಲ್ಲಿ ಬೇರಿಂಗುಗಳು ಸುಟ್ಟು ಎಂಜಿನ್ ನಿಲ್ಲುತ್ತಿತ್ತು. ಕಾರಣ ಪಂಪಲ್ಲ. ಕ್ರ್ಯಾಂಕ್ ಶಾಫ್ಟಿನಲ್ಲಿ ಎಣ್ಣೆಯ ದಾರಿ ಕೊರೆಯುವಾಗ ಉಳಿದ ಲೋಹದ ಚೂರುಗಳನ್ನು ಕಾರ್ಖಾನೆಯಲ್ಲಿ ಪೂರ್ತಿ ತೆಗೆದಿರಲಿಲ್ಲ, ಅವು ಬಿಗ್ ಎಂಡಿಗೆ ಹೋಗುವ ಎಣ್ಣೆಗೆ ಅಡ್ಡ ನಿಂತವು. ನಮ್ಮ ಊರುಗಳ ಲೇತ್ ಅಂಗಡಿಯಲ್ಲಿ ಗ್ರೈಂಡ್ ಮಾಡಿಸಿದ ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ಒಮ್ಮೆ ಅದ್ದಿ, ಒರೆಸಿ, ರಂಧ್ರಗಳೊಳಗೆ ಬ್ರಷ್ ಆಡಿಸದೆ ಜೋಡಿಸಿದಾಗಲೂ ಆಗುವುದು ಇದೇ.

‘ಪಂಪ್ ಬದಲಿಸಿದ ಮೇಲೆ ದೀಪ ಆರಿತಲ್ಲ’ ಎಂಬುದು ಈ ನಂಬಿಕೆಯ ಬಲವಾದ ಸಮರ್ಥನೆ. ದೀಪ ಆರುತ್ತದೆ, ನಿಜ. ಹೊಸ ಪಂಪ್ ಸವೆದ ಪಂಪಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ತಳ್ಳುತ್ತದೆ, ಪಂಪಿನೊಂದಿಗೆ ಹೊಸ ಎಣ್ಣೆ ಮತ್ತು ಹೊಸ ಫಿಲ್ಟರೂ ಬಿದ್ದಿರುತ್ತವೆ, ಪಂಪ್ ಎಣ್ಣೆ ಎಳೆದುಕೊಳ್ಳುವ ಪೈಪಿನ ಬಾಯಿಯ ಜಾಲರಿ ತೊಳೆದಿರುತ್ತಾರೆ. ಈ ನಾಲ್ಕರಲ್ಲಿ ಯಾವುದರಿಂದ ಒತ್ತಡ ಏರಿತೆಂದು ಹೇಳಲು ಯಾರಿಗೂ ಆಗುವುದಿಲ್ಲ. ಅಷ್ಟೇ ಅಲ್ಲ, ಎಚ್ಚರಿಕೆಯ ಸ್ವಿಚ್ಚು ಕೆಲಸ ಮಾಡುವುದೇ ಸುಮಾರು 0.2ರಿಂದ 0.5 ಬಾರ್ ಒತ್ತಡದಲ್ಲಿ. 0.3 ಇದ್ದದ್ದು 0.6 ಆದರೆ ದೀಪ ಆರುತ್ತದೆ, ಬೇರಿಂಗಿನ ಸ್ಥಿತಿ ಎಳ್ಳಷ್ಟೂ ಸುಧಾರಿಸಿರುವುದಿಲ್ಲ. ಅದೇ 0.6 ಬಾರ್ ಒತ್ತಡದಲ್ಲಿ ಕಾರು ಹೆದ್ದಾರಿಯಲ್ಲಿ 4000 ಸುತ್ತಿನ ವೇಗದಲ್ಲಿ ಓಡುತ್ತಿದ್ದರೂ ದೀಪ ಹತ್ತುವುದಿಲ್ಲ, ಎಂಜಿನ್ ಮಾತ್ರ ಉಳಿಯುವುದಿಲ್ಲ. ಈ ದೋಷವನ್ನು ಅರಿತೇ ಫೋಕ್ಸ್‌ವ್ಯಾಗನ್ 1980ರ ದಶಕದಲ್ಲಿ ಎರಡು ಸ್ವಿಚ್ಚಿನ ವ್ಯವಸ್ಥೆ ತಂದಿತ್ತು: ಒಂದು ಐಡ್ಲಿಂಗಿಗೆ, ಇನ್ನೊಂದು ಎಂಜಿನ್ 2000 ಸುತ್ತು ದಾಟಿದ ಮೇಲೆ ಒತ್ತಡ ಸಾಲದಿದ್ದರೆ ಬಜರ್ ಬಾರಿಸಲು. ಒಂದೇ ಸ್ವಿಚ್ಚಿನ ಕಾರುಗಳಲ್ಲಿ ದೀಪ ಆರಿರುವುದನ್ನು ಆರೋಗ್ಯದ ಸರ್ಟಿಫಿಕೇಟ್ ಎಂದು ತಿಳಿಯುವುದು ಅಪಾಯಕಾರಿ.

ಗಟ್ಟಿ ಎಣ್ಣೆಯ ಚಿಕಿತ್ಸೆಯನ್ನೂ ಇದೇ ಲೆಕ್ಕದಲ್ಲಿ ಪರೀಕ್ಷಿಸಬೇಕು. 30 ಗ್ರೇಡಿನ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್, 50 ಗ್ರೇಡಿನದು 16.3ರಿಂದ 21.9. ಅಂದರೆ 5ಡಬ್ಲ್ಯು-30 ಬಯಸುವ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಗೇಜಿನಲ್ಲಿ ಒತ್ತಡ ಸುಮಾರು ಒಂದೂಮುಕ್ಕಾಲು ಪಟ್ಟು ಏರಬಹುದು. ಮೂರು ಪಟ್ಟು ಮೀರಿದ ಸೋರಿಕೆಗೆ ಇದು ಅರ್ಧ ತೇಪೆ. ಬದಲಿಗೆ ತೆರುವ ಬೆಲೆ ಬೆಳಗಿನ ಸ್ಟಾರ್ಟಿನಲ್ಲಿ ಇದೆ. ತಣ್ಣಗಿನ ಗಟ್ಟಿ ಎಣ್ಣೆ ಜಾಲರಿಯಲ್ಲಿ ನಿಧಾನವಾಗಿ ಏರುತ್ತದೆ. ಪಂಪಿನ ಆಚೆ ಒತ್ತಡ ದಿಢೀರನೆ ಏರಿ ರಿಲೀಫ್ ವಾಲ್ವ್ ತೆರೆಯುವುದರಿಂದ ಒಂದಷ್ಟು ಎಣ್ಣೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಚೇಂಬರಿಗೇ ಮರಳುತ್ತದೆ. ಫಿಲ್ಟರಿನ ಬೈಪಾಸ್ ವಾಲ್ವೂ ತೆರೆದು ಸೋಸದ ಎಣ್ಣೆ ಬೇರಿಂಗಿಗೆ ನುಗ್ಗುತ್ತದೆ. ಹೈಡ್ರಾಲಿಕ್ ಟ್ಯಾಪೆಟ್, ಚೈನ್ ಟೆನ್ಷನರ್, ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು ಇರುವ ಎಂಜಿನ್ನುಗಳಲ್ಲಿ ಅವುಗಳ ಸೂಕ್ಷ್ಮ ರಂಧ್ರಗಳಿಗೆ ಎಣ್ಣೆ ತಡವಾಗಿ ತಲುಪುತ್ತದೆ. ಗಟ್ಟಿ ಎಣ್ಣೆಯಿಂದ ಪದರ ಸ್ವಲ್ಪ ದಪ್ಪವಾಗುವುದು ಸತ್ಯ, ಸೆಕೆಯ ಪ್ರದೇಶಕ್ಕೆಂದು ತಯಾರಕರೇ ಒಂದು ಗ್ರೇಡ್ ಮೇಲಿನ ಎಣ್ಣೆಗೆ ಒಪ್ಪಿಗೆ ಕೊಟ್ಟಿರುವ ಕಾರುಗಳೂ ಇವೆ. ಸವೆತ ಎಷ್ಟೆಂದು ಅಳೆದು, ಎಂಜಿನ್ ಕೆಲಸವನ್ನು ಕೆಲವು ತಿಂಗಳು ಮುಂದೂಡಬೇಕಾದವರು ತಿಳಿದೇ ಆ ಗ್ರೇಡ್ ಹಾಕಿದರೆ ತಕರಾರಿಲ್ಲ. ಅಳೆಯದೆ ಹಾಕಿ, ದೀಪ ಆರಿಸಿ, ಕಾರು ವಾಸಿಯಾಯಿತೆಂದು ಕಳಿಸಿಕೊಡುವುದು ಮಾಲೀಕರಿಗೆ ಮಾಡುವ ಮೋಸ.

ಸರಿಯಾದ ಪರೀಕ್ಷೆ ಡಿಪ್‌ಸ್ಟಿಕ್ಕಿನಿಂದ ಶುರುವಾಗಬೇಕು. ಮಟ್ಟ ಕಡಿಮೆಯಿದ್ದರೆ ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಘಾಟಿಯ ಏರಿನಲ್ಲಿ ದೀಪ ಮಿನುಗುತ್ತದೆ, ಏಕೆಂದರೆ ಎಣ್ಣೆ ಒಂದು ಬದಿಗೆ ಸರಿದು ಜಾಲರಿ ಗಾಳಿ ಎಳೆಯುತ್ತದೆ. ಮಟ್ಟ ಹೆಚ್ಚಾಗಿದ್ದರೆ ಸಂತೋಷಪಡುವಂತಿಲ್ಲ, ಅದು ಇನ್ನೂ ಕೆಟ್ಟ ಸುದ್ದಿ. ಎಣ್ಣೆಗೆ ಇಂಧನ ಬೆರೆತಿರಬಹುದು. 2020ರ ಏಪ್ರಿಲಿನಲ್ಲಿ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಫಿಲ್ಟರಿನಲ್ಲಿ ಕಟ್ಟಿದ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಊರೊಳಗೇ ಓಡಾಡುವ ಕಾರಿನಲ್ಲಿ ಸುಡುವ ಕೆಲಸ ಮಧ್ಯದಲ್ಲೇ ನಿಂತು ಸ್ವಲ್ಪ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಚೇಂಬರಿಗೆ ಇಳಿಯುತ್ತದೆ. ನೀರಾದ ಎಣ್ಣೆ ಎಲ್ಲ ಸಂದುಗಳಿಂದಲೂ ಬೇಗ ಸೋರುತ್ತದೆ, ಒತ್ತಡ ಬೀಳುತ್ತದೆ. ಅಂಥ ಕಾರಿಗೆ ಬೇಕಾದದ್ದು ಹೊಸ ಎಣ್ಣೆ, ಮತ್ತು ಡೀಸೆಲ್ ಯಾಕೆ ಇಳಿಯುತ್ತಿದೆ ಎಂಬುದರ ವಿಚಾರಣೆ. ಡಿಪ್‌ಸ್ಟಿಕ್ಕಿನ ತುದಿಯನ್ನು ಮೂಸಿ ನೋಡುವ ಹಳೆಯ ಅಭ್ಯಾಸ ಇಂದಿಗೂ ಬೆಲೆಯುಳ್ಳದ್ದು.

ಬಳಿಕ ಸ್ವಿಚ್ಚು. ಹಳೆಯ ಒಂದು ತಂತಿಯ ಸ್ವಿಚ್ಚಿನ ತಂತಿ ಕಳಚಿದ ಮೇಲೂ ದೀಪ ಉರಿಯುತ್ತಲೇ ಇದ್ದರೆ ತಂತಿ ಎಲ್ಲೋ ಬಾಡಿಗೆ ತಾಗಿದೆ, ಎಂಜಿನ್ನಿನಲ್ಲಿ ಹುಡುಕಲು ಏನೂ ಇಲ್ಲ. ದೀಪ ಆರಿದರೆ ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಮೆಕ್ಯಾನಿಕಲ್ ಗೇಜ್ ಜೋಡಿಸಬೇಕು. ಇಡೀ ತಪಾಸಣೆಯಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ, ಇದಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳುವ ಹಂತವೂ ಇಲ್ಲ. ಗೇಜಿನ ಬೆಲೆ ಒಂದು ಪಂಪಿನ ಬೆಲೆಯ ಮುಂದೆ ದೊಡ್ಡದಲ್ಲ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಅಳತೆ ತೆಗೆದುಕೊಳ್ಳುವ ಮೊದಲು ಎಣ್ಣೆ ಬಿಸಿಯಾಗಿರಬೇಕು. ಟೆಂಪರೇಚರ್ ಮುಳ್ಳು ನಡುವಿಗೆ ಬಂದರೆ ಬಿಸಿಯಾದದ್ದು ಕೂಲಂಟ್, ಎಣ್ಣೆ ಇನ್ನೂ ಹಿಂದಿರುತ್ತದೆ. ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿಯೇ ಐಡ್ಲಿಂಗಿನಲ್ಲಿ, 2000ದಲ್ಲಿ, 3000 ಸುತ್ತಿನಲ್ಲಿ ಅಂಕಿ ಬರೆದುಕೊಳ್ಳಬೇಕು. ಸಾವಿರ ಸುತ್ತಿಗೆ 10 ಪೌಂಡ್, ಅಂದರೆ ಸುಮಾರು 0.7 ಬಾರ್ ಎಂಬ ಹಳೆಯ ಲೆಕ್ಕ ದಾರಿ ತೋರಿಸಲು ಸಾಕು. ತೀರ್ಪಿಗೆ ಆ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್ಲೇ ಬೇಕು. ಎಂಜಿನ್ನಿನ ಕಂಪ್ಯೂಟರೇ ಪಂಪಿನ ಹರಿವನ್ನು ಏರಿಸಿ ಇಳಿಸುವ ಹೊಸ ಮಾದರಿಗಳಲ್ಲಂತೂ ಕಡಿಮೆ ಒತ್ತಡ ಉದ್ದೇಶಪೂರ್ವಕವೇ ಆಗಿರಬಹುದು.

ಬರೆದ ಅಂಕಿಗಳು ಒಂದೊಂದು ಕಾಯಿಲೆಗೆ ಒಂದೊಂದು ರೀತಿ ನಡೆದುಕೊಳ್ಳುತ್ತವೆ. ತಣ್ಣಗಿರುವಾಗ ಚೆನ್ನಾಗಿದ್ದು, ಬಿಸಿಯಾದಾಗ ಐಡ್ಲಿಂಗಿನಲ್ಲಿ ಕುಸಿದು, ರೇಸ್ ಮಾಡಿದರೆ ಏರುವ ಒತ್ತಡ ಸವೆತದ ಗುರುತು. ಎಲ್ಲ ವೇಗದಲ್ಲೂ ಒಂದೇ ಸಮನೆ ಕೆಳಗಿದ್ದರೆ ರಿಲೀಫ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಒಂದು ಸಣ್ಣ ಲೋಹದ ಚೂರು, ಇಲ್ಲವೇ ಕುಗ್ಗಿದ ಸ್ಪ್ರಿಂಗು ಅದಕ್ಕೆ ಸಾಕು. ಮೊದಲು ಸರಿಯಿದ್ದು, ವೇಗ ಹೆಚ್ಚಿಸಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಇಳಿಯುತ್ತ ಹೋದರೆ ಜಾಲರಿ ಕಟ್ಟಿದೆ. ಸ್ಟಾರ್ಟ್ ಮಾಡಿ ಕೆಲವು ಸೆಕೆಂಡು ಕಳೆದ ಮೇಲೆ ಒತ್ತಡ ಬಂದರೆ ಫಿಲ್ಟರಿನೊಳಗೆ ಎಣ್ಣೆಯನ್ನು ಹಿಡಿದಿಡುವ ರಬ್ಬರ್ ವಾಲ್ವ್ ಸತ್ತಿರಬಹುದು, ಅಥವಾ ಸಕ್ಷನ್ ಪೈಪಿನ ಓ-ರಿಂಗ್ ಗಟ್ಟಿಯಾಗಿ ಗಾಳಿ ಎಳೆಯುತ್ತಿರಬಹುದು. ಇವುಗಳಲ್ಲಿ ಮೊದಲನೆಯ ಲಕ್ಷಣ ಬೇರಿಂಗ್ ಸವೆತಕ್ಕೂ ಪಂಪಿನ ಸವೆತಕ್ಕೂ ಸಮಾನ, ಏಕೆಂದರೆ ಸವೆದ ಪಂಪಿನೊಳಗೂ ಬಿಸಿ ಎಣ್ಣೆ ಹಿಂದಕ್ಕೆ ಜಾರುತ್ತದೆ. ಗೇಜು ಅವೆರಡನ್ನು ಬೇರ್ಪಡಿಸಲಾರದು. ಆದ್ದರಿಂದಲೇ ಈ ಹಂತದಲ್ಲಿ ಪಂಪಿನ ಹೆಸರು ಹೇಳುವುದು ಊಹೆ ಮಾತ್ರ.

ಜಾಲರಿಯ ವಿಚಾರವನ್ನು ನಮ್ಮ ರಸ್ತೆಗಳು ಇನ್ನಷ್ಟು ಜಟಿಲಗೊಳಿಸಿವೆ. ಎತ್ತರದ ಹಂಪಿಗೋ ತೋಟದ ದಾರಿಯ ಕಲ್ಲಿಗೋ ಬಡಿದು ಚೇಂಬರ್ ಒಳಕ್ಕೆ ಡೊಂಕಾದ ಕಾರುಗಳು ಬೇಕಾದಷ್ಟಿವೆ. ಎಣ್ಣೆ ಸೋರದಿದ್ದರೆ ಆ ಡೊಂಕನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚೇಂಬರಿನ ತಳಕ್ಕೂ ಜಾಲರಿಯ ಬಾಯಿಗೂ ಇರುವ ಅಂತರ ಮೊದಲೇ ಕಡಿಮೆ, ಡೊಂಕು ಅದನ್ನು ಇನ್ನೂ ಕಿರಿದು ಮಾಡಿ ಪಂಪಿನ ಉಸಿರು ಕಟ್ಟಿಸುತ್ತದೆ. ಇನ್ನೊಂದು ಸ್ವಯಂಕೃತ ಅಪರಾಧ ಸಿಲಿಕೋನ್ ಪೇಸ್ಟಿನದು. ಚೇಂಬರ್ ಕೂರಿಸುವಾಗ ಧಾರಾಳವಾಗಿ ಬಳಿದ ಪೇಸ್ಟ್ ಒಳಬದಿಗೂ ಉಕ್ಕಿ, ಒಣಗಿ, ತುಂಡಾಗಿ ಬೀಳುತ್ತದೆ. ಅಂಥ ಎಂಜಿನ್ನಿನ ಜಾಲರಿ ಬಿಚ್ಚಿ ಬೆಳಕಿಗೆ ಹಿಡಿದರೆ ಕಪ್ಪು ಕೆಸರಿನ ನಡುವೆ ಬೂದು ಬಣ್ಣದ ರಬ್ಬರ್ ಹುಳುಗಳಂತೆ ಅವು ಅಂಟಿಕೊಂಡಿರುತ್ತವೆ, ಬೆಳಕು ನುಸುಳಲು ನಾಲ್ಕಾರು ಕಣ್ಣುಗಳಷ್ಟೇ ಉಳಿದಿರುತ್ತವೆ. ಆ ಎಂಜಿನ್ನಿನ ಪಂಪ್ ಬದಲಿಸಿ ಜಾಲರಿ ಹಾಗೇ ಬಿಟ್ಟರೆ ಹೊಸ ಪಂಪೂ ಬರಿಗೈಯಲ್ಲೇ ತಿರುಗುತ್ತದೆ.

ಶಬ್ದದ ವಿಚಾರದಲ್ಲೂ ಅವಸರದ ತೀರ್ಪುಗಳೇ ಹೆಚ್ಚು. ಎಂಜಿನ್ ಕುಟ್ಟುತ್ತಿದೆ, ಬೇರಿಂಗ್ ಹೋಗಿದೆ ಎಂದು ಕಿವಿಯಿಂದಲೇ ಸಾರುವವರಿದ್ದಾರೆ. ಟ್ಯಾಪೆಟ್ಟಿನ ಟಿಕ್ ಟಿಕ್ ಹಗುರ, ಎಂಜಿನ್ನಿನ ಅರ್ಧ ವೇಗದಲ್ಲಿ ಬಡಿಯುತ್ತದೆ. ಪಿಸ್ಟನ್ನಿನ ಬಡಿತ ತಣ್ಣಗಿರುವಾಗ ಜೋರು, ಬಿಸಿಯಾದಂತೆ ಕಡಿಮೆ. ಬಿಗ್ ಎಂಡಿನದು ಇದಕ್ಕೆ ತಿರುಗುಮುರುಗು: ಎಣ್ಣೆ ಬಿಸಿಯಾಗಿ ತೆಳುವಾದಂತೆ ಹೆಚ್ಚುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದ ಗಳಿಗೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಮೇನ್ ಬೇರಿಂಗಿನದು ಆಳದ ದಡ್ ದಡ್, ಏರಿನಲ್ಲಿ ಎಳೆಯುವಾಗ ಕೇಳುವಂಥದ್ದು. ಕೇಳಿದ್ದನ್ನು ಖಚಿತಪಡಿಸಿಕೊಳ್ಳಲು ಒಂದೊಂದೇ ಸಿಲಿಂಡರನ್ನು ಕಟ್ ಮಾಡಿ ನೋಡಬೇಕು. ಯಾವ ಸಿಲಿಂಡರ್ ನಿಲ್ಲಿಸಿದಾಗ ಕುಟ್ಟುವುದು ತಗ್ಗುತ್ತದೋ ಅದರ ಬಿಗ್ ಎಂಡ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಪ್ಲಗ್ಗಿನ ಬದಲು ಇಂಜೆಕ್ಟರಿನ ಕನೆಕ್ಟರ್ ಕಳಚುವುದು ಕ್ಷೇಮ, ಇಲ್ಲವಾದರೆ ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ.

ಎಂಜಿನ್ ಬಿಚ್ಚದೆ ಸಿಗುವ ಅತ್ಯಂತ ನಂಬಲರ್ಹ ಸಾಕ್ಷಿ ಎಸೆದುಬಿಡುವ ಹಳೆಯ ಫಿಲ್ಟರಿನೊಳಗಿದೆ. ತಗಡನ್ನು ಕತ್ತರಿಸಿ, ಮಡಿಕೆ ಮಡಿಕೆಯ ಕಾಗದವನ್ನು ಹಿಂಡಿ, ಬಿಸಿಲಿನಲ್ಲಿ ಬಿಡಿಸಿಟ್ಟರೆ ಕಥೆ ತಾನೇ ತೆರೆದುಕೊಳ್ಳುತ್ತದೆ. ನುಣುಪಾದ ಕಪ್ಪು ಮಸಿ ಮಾತ್ರ ಇದ್ದರೆ ನಿಶ್ಚಿಂತೆ. ಮಡಿಕೆಗಳ ತಳದಲ್ಲಿ ತೆಳ್ಳನೆಯ ಹೊಳೆಯುವ ಚೂರುಗಳಿದ್ದು, ಅವನ್ನು ಅಯಸ್ಕಾಂತ ಎಳೆಯದಿದ್ದರೆ ಅವು ಬೇರಿಂಗಿನವೇ ಆಗಿರುವ ಸಂಭವ ಹೆಚ್ಚು, ತಾಮ್ರದ ಬಣ್ಣ ಕಂಡರೆ ಸವೆತ ಒಳಪದರ ಮುಟ್ಟಿದೆ. ಅಯಸ್ಕಾಂತಕ್ಕೆ ಅಂಟುವುದು ಕಬ್ಬಿಣ, ಅದರ ಮೂಲ ಬೇರೆ ಕಡೆ ಹುಡುಕಬೇಕು. ಎಣ್ಣೆಯನ್ನು ಲ್ಯಾಬಿಗೆ ಕಳಿಸಿದರೆ ಸೀಸ, ತಾಮ್ರ, ತವರದ ಪ್ರಮಾಣ ತಿಳಿಯುತ್ತದೆ. ಆದರೆ ಆ ಉಪಕರಣ ಸೂಕ್ಷ್ಮ ಕಣಗಳನ್ನಷ್ಟೇ ಎಣಿಸುತ್ತದೆ, ಕಣ್ಣಿಗೆ ಕಾಣುವಷ್ಟು ದೊಡ್ಡ ಚೂರು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಲ್ಯಾಬ್ ವರದಿ ಇದ್ದರೂ ಫಿಲ್ಟರ್ ಕತ್ತರಿಸಿ ನೋಡಲೇಬೇಕು.

ಇಷ್ಟಾದ ಮೇಲೆ ಚೇಂಬರ್ ಇಳಿಸುವ ಮಾತು. ಪಂಪಿನ ಮುಚ್ಚಳ ಬಿಚ್ಚಿ ಫೀಲರ್ ಗೇಜಿನಿಂದ ರೋಟರಿನ ತುದಿಗಳ ನಡುವಿನ ಸಂದು, ಹೊರ ರೋಟರಿಗೂ ಬಾಡಿಗೂ ಇರುವ ಸಂದು, ಮೇಲ್ಮೈಗೆ ನೇರಪಟ್ಟಿ ಇಟ್ಟು ಪಕ್ಕದ ಸಂದು ಅಳೆಯುವುದು ಹತ್ತು ನಿಮಿಷದ ಕೆಲಸ. ತುದಿಯ ಸಂದಿಗೆ ಸುಮಾರು 0.2, ಪಕ್ಕದ ಸಂದಿಗೆ ಸುಮಾರು 0.1 ಮಿಲಿಮೀಟರ್ ಎಂಬ ಮಿತಿ ಹಲವು ಎಂಜಿನ್ನುಗಳಿಗೆ ಅನ್ವಯಿಸುತ್ತದೆ. ಮಿತಿಯೊಳಗಿದ್ದರೆ, ಒಳಗೆ ಆಳದ ಗೀರುಗಳಿಲ್ಲದಿದ್ದರೆ ಪಂಪ್ ನಿರ್ದೋಷಿ. ಆಗಲೂ ಅದನ್ನು ಬದಲಿಸುವುದು ಹಣ ಪೋಲು ಮಾಡುವುದಷ್ಟೇ.

ಚೇಂಬರ್ ಇಳಿದ ಮೇಲೆ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚುವುದಕ್ಕೆ ಬೇಕಾದದ್ದು ಎರಡು ನಟ್ಟಿನ ಶ್ರಮ. ಕುಟ್ಟುವ ಸಿಲಿಂಡರಿನದು, ಅದು ಗೊತ್ತಿಲ್ಲದಿದ್ದರೆ ಪಂಪಿನಿಂದ ಅತಿ ದೂರದ್ದು. ಇಲ್ಲೂ ಒಂದು ತಪ್ಪು ರೂಢಿಯಾಗಿದೆ: ಕ್ಯಾಪಿನೊಳಗಿನ ಕೆಳಗಿನ ಶೆಲ್, ಅಂದರೆ ಬೇರಿಂಗಿನ ಕೆಳಗಿನ ಅರ್ಧ ಹೋಳು ನೋಡಿ ಬೇರಿಂಗ್ ಚೆನ್ನಾಗಿದೆ ಎನ್ನುವುದು. ಬಿಗ್ ಎಂಡಿನಲ್ಲಿ ದಹನದ ಹೊಡೆತ ತಿನ್ನುವುದು ಮೇಲಿನ ಶೆಲ್. ರಾಡನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಅದನ್ನೂ ಹೊರತೆಗೆಯಬೇಕು. ಮೇನ್ ಬೇರಿಂಗಿನಲ್ಲಿ ಮಾತ್ರ ಕೆಳಗಿನದು ಹೆಚ್ಚು ಸವೆಯುತ್ತದೆ. ಶೆಲ್ಲಿನ ಮುಖ ಓದಲು ಬಲ್ಲವರಿಗೆ ಬೇರೆ ಪುರಾವೆ ಬೇಡ. ಬೂದು ಬಣ್ಣದ ಮೇಲ್ಪದರ ಸುಮಾರು 0.02 ಮಿಲಿಮೀಟರ್ ದಪ್ಪ, ಅದು ಸವೆದ ಕಡೆ ಕೆಳಗಿನ ತಾಮ್ರ ಕೆಂಪಗೆ ಕಾಣುತ್ತದೆ. ಭಾರ ಬೀಳುವ ನಡುಭಾಗದಲ್ಲಿ ಸ್ವಲ್ಪ ತಾಮ್ರ ವಯಸ್ಸಿನ ಲಕ್ಷಣ. ಸುತ್ತಲೂ ಗೀರು ಬಿದ್ದಿದ್ದರೆ ಧೂಳು ಇಲ್ಲವೇ ಲೋಹದ ಕಣ ಹೊಕ್ಕಿದೆ. ಒಂದೇ ಅಂಚು ಸವೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ ಅಥವಾ ಜರ್ನಲ್ ಓರೆಯಾಗಿದೆ. ಪದರ ಚಕ್ಕೆ ಎದ್ದಿದ್ದರೆ ಲೋಹ ದಣಿದಿದೆ. ಮೇಲ್ಮೈ ಕರಗಿ ಬಳಿದಂತೆ ಜಾರಿದ್ದರೆ ಎಣ್ಣೆ ಸಿಗದೆ ಒಣಗಿದೆ. ಶೆಲ್ಲಿನ ಬೆನ್ನು ಮಿರಮಿರ ಹೊಳೆಯುತ್ತಿದ್ದರೆ ಅದು ತನ್ನ ಗೂಡಿನಲ್ಲಿ ಬಿಗಿಯಾಗಿ ಕೂತಿರಲಿಲ್ಲ. ಅಲ್ಯುಮಿನಿಯಂ-ತವರದ ಶೆಲ್ಲುಗಳಲ್ಲಿ ತಾಮ್ರದ ಪದರವೇ ಇರುವುದಿಲ್ಲ, ಅಲ್ಲಿ ತಾಮ್ರ ಕಾಣಲಿಲ್ಲವೆಂದು ಸಮಾಧಾನಪಡುವುದು ತಪ್ಪು.

ಕಣ್ಣಿನಿಂದ ನೋಡಿದ ಮೇಲೆ ಅಳತೆ. ಒರೆಸಿ ಒಣಗಿಸಿದ ಜರ್ನಲ್ ಮೇಲೆ ಪ್ಲಾಸ್ಟಿಗೇಜ್ ಎಂಬ ಮೇಣದ ಎಳೆಯನ್ನಿಟ್ಟು, ಕ್ಯಾಪನ್ನು ಟಾರ್ಕ್ ರೆಂಚಿನಿಂದ ಬಿಗಿದು, ಕ್ರ್ಯಾಂಕ್ ಅಲುಗಿಸದೆ ಮತ್ತೆ ಬಿಚ್ಚಿದರೆ, ಚಪ್ಪಟೆಯಾದ ಎಳೆಯ ಅಗಲದಿಂದ ಸಂದಿನ ಅಳತೆ ಸಿಗುತ್ತದೆ. ಜರ್ನಲನ್ನು ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಲ್ಲಿ, ಎರಡು ಅಂಚಿನಲ್ಲಿ ಅಳೆಯಬೇಕು. ಅಂಡಾಕಾರವಾಗಿದ್ದರೆ ಹೊಸ ಸ್ಟ್ಯಾಂಡರ್ಡ್ ಶೆಲ್ ಹಾಕಿ ಪ್ರಯೋಜನವಿಲ್ಲ, ಗ್ರೈಂಡ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಅಂಡರ್‌ಸೈಜ್ ಶೆಲ್ ಹಾಕಬೇಕು. ಒತ್ತಡದ ಡಬ್ಬಿಯಿಂದ ಗ್ಯಾಲರಿಗೆ ಎಣ್ಣೆ ಹಾಯಿಸಿ ಕೆಳಗಿನಿಂದ ನೋಡುವ ಪರೀಕ್ಷೆಯೂ ಉಂಟು: ಒಳ್ಳೆಯ ಬೇರಿಂಗಿನಿಂದ ಎಣ್ಣೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಸವೆದದ್ದರಿಂದ ಧಾರೆಯಾಗಿ ಸುರಿಯುತ್ತದೆ, ಒಂದೂ ಹನಿ ಬೀಳದ ಬೇರಿಂಗಿನ ದಾರಿ ಕಟ್ಟಿಹೋಗಿದೆ. ಒತ್ತಡ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಕಣ್ಣಾರೆ ತೋರಿಸುವ ಈ ಪರೀಕ್ಷೆ ಬಳಕೆಯಿಂದ ಮರೆಯಾಗುತ್ತಿರುವುದು ದೊಡ್ಡ ನಷ್ಟ. ಮರಳಿ ಜೋಡಿಸುವಾಗ ಕ್ಯಾಪ್ ಅದೇ ರಾಡಿಗೆ, ಅದೇ ಮುಖವಾಗಿ ಕೂರಬೇಕು. ಒಮ್ಮೆ ಬಿಗಿದರೆ ಹಿಗ್ಗುವ ಜಾತಿಯ ಬೋಲ್ಟುಗಳಾಗಿದ್ದರೆ ಹೊಸವನ್ನೇ ಹಾಕಬೇಕು.

ಪಂಪ್ ಕೆಡುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಅದಕ್ಕೆ ಹೋಗುವ ಎಣ್ಣೆ ಜಾಲರಿ ದಾಟಿರುತ್ತದೆಯೇ ಹೊರತು ಫಿಲ್ಟರ್ ದಾಟಿರುವುದಿಲ್ಲ, ಕಸದ ಮೊದಲ ಏಟು ಪಂಪಿಗೇ ಬೀಳುತ್ತದೆ. ಫೋಕ್ಸ್‌ವ್ಯಾಗನ್ ಮತ್ತು ಆಡಿಯ 2 ಲೀಟರ್ ಪಿಡಿ ಡೀಸೆಲ್ ಎಂಜಿನ್ನುಗಳ ಕೆಲವು ಮಾದರಿಗಳಲ್ಲಿ ಬ್ಯಾಲೆನ್ಸ್ ಶಾಫ್ಟಿನಿಂದ ಪಂಪಿಗೆ ತಿರುವು ಒಯ್ಯುವ ಆರು ಮೂಲೆಯ ಪುಟ್ಟ ಕಡ್ಡಿ ಸವೆದು ದುಂಡಗಾಗಿ ಪಂಪ್ ಒಮ್ಮೆಗೇ ನಿಂತುಹೋದದ್ದುಂಟು. ಫೋರ್ಡ್ ತನ್ನ 1 ಲೀಟರ್ ಇಕೋಬೂಸ್ಟ್ ಎಂಜಿನ್ನಿನ ಪಂಪ್ ಬೆಲ್ಟಿನ ಟೆನ್ಷನರ್ ದೋಷಕ್ಕಾಗಿ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಕಾರುಗಳನ್ನು ವಾಪಸು ಕರೆಸಿತು. ಅವುಗಳಲ್ಲಿ ಚೆನ್ನೈ ಬಳಿಯ ಮರೈಮಲೈನಗರದಲ್ಲಿ ತಯಾರಾಗಿ ಹಡಗೇರಿದ ಇಕೋಸ್ಪೋರ್ಟ್‌ಗಳೂ ಇದ್ದವು. ಈ ಎರಡರಲ್ಲೂ ಕೆಟ್ಟದ್ದು ಪಂಪಿನ ಹೊಟ್ಟೆಯಲ್ಲ, ಅದನ್ನು ತಿರುಗಿಸುವ ಕೊಂಡಿ. ಕೊಂಡಿ ಕಳಚಿದರೆ ಒತ್ತಡ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದಿಲ್ಲ, ಓಡುತ್ತಿರುವಾಗಲೇ ಸೊನ್ನೆಗೆ ಬೀಳುತ್ತದೆ. ಆಗ ಮಾಡಬೇಕಾದದ್ದು ಒಂದೇ: ತಕ್ಷಣ ಎಂಜಿನ್ ಆಫ್ ಮಾಡುವುದು. ಪಂಪ್ ಬದಲಿಸಲೇಬೇಕಾದಾಗಲೂ ಒಣ ಪಂಪ್ ಕೂರಿಸಬಾರದು. ಒಳಗೆ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ತುಂಬದಿದ್ದರೆ ಅದು ಎಣ್ಣೆ ಎಳೆಯುವ ಮೊದಲೇ ಬೇರಿಂಗುಗಳು ಒಣಗಿ ತಿರುಗುತ್ತವೆ.

ಗ್ಯಾರೇಜುಗಳ ಕಡೆಯಿಂದ ಬರುವ ಕೊನೆಯ ವಾದ ಹಣ ಮತ್ತು ಸಮಯದ್ದು: ಗಿರಾಕಿಗೆ ಇಷ್ಟೆಲ್ಲ ಪರೀಕ್ಷೆಗೆ ತಾಳ್ಮೆಯಿಲ್ಲ, ಟ್ಯಾಕ್ಸಿ ಒಂದು ದಿನ ನಿಂತರೆ ದುಡಿಮೆ ಹೋಯಿತು. ಈ ಕಷ್ಟ ನಿಜವಾದದ್ದೇ. ಆದರೆ ಗೇಜ್ ಜೋಡಿಸಿ ಅಂಕಿ ತೆಗೆಯಲು, ಫಿಲ್ಟರ್ ಕತ್ತರಿಸಲು ಒಂದು ಬೆಳಗ್ಗೆ ಸಾಕು. ಸವೆತ ಆಗಲೇ ಸಿಕ್ಕಿದರೆ ಒಂದು ಸೆಟ್ ಶೆಲ್, ಗ್ಯಾಸ್ಕೆಟ್, ಎಣ್ಣೆ, ಕೂಲಿಯಲ್ಲಿ ಕೆಲಸ ಮುಗಿಯುವ ಅವಕಾಶವಿದೆ. ಮುಚ್ಚಿಟ್ಟರೆ ಕ್ರ್ಯಾಂಕ್ ಗ್ರೈಂಡಿಂಗ್, ಅದೂ ಮೀರಿದರೆ ಶೆಲ್ ಸುತ್ತಿಕೊಂಡು ರಾಡ್ ಮುರಿದು ಬ್ಲಾಕನ್ನೇ ಒಡೆಯುತ್ತದೆ. ಹಳೆಯ ಕಾರಿಗೆ ಅಷ್ಟು ಖರ್ಚು ಮಾಡುವವರು ಕಡಿಮೆ. ಊಹೆಯ ಪಂಪಿಗೆ ಕೊಟ್ಟ ಹಣ ಹೀಗೆ ಎರಡು ಬಾರಿ ಕಳೆದುಹೋಗುತ್ತದೆ.

ಹಳೆಯ ಕಾರಿನ ಮಾಲೀಕರು ಪಂಪಿಗೆ ಒಪ್ಪಿಗೆ ಕೊಡುವ ಮೊದಲು ಎರಡನ್ನು ಕೇಳಿ ಪಡೆಯಬೇಕು: ಎಣ್ಣೆ ಬಿಸಿಯಾದ ಮೇಲೆ ಮೂರು ವೇಗಗಳಲ್ಲಿ ತೆಗೆದ ಒತ್ತಡದ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು, ಚೇಂಬರ್ ಇಳಿಸಿದ ದಿನ ಒಂದು ಬಿಗ್ ಎಂಡಿನ ಮೇಲಿನ ಶೆಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಇವೆರಡನ್ನೂ ತೋರಿಸಲು ಒಪ್ಪದ ಗ್ಯಾರೇಜಿನಲ್ಲಿ ಪಂಪ್ ಬದಲಿಸಿಕೊಳ್ಳಬಾರದು.